ಮಗ್ಗ ನಿಂತ ಭಾನುವಾರ: ಕೃಷ್ಣಾ ಸೀಮೆಯ ಕ್ರೈಸ್ತ ಸಭೆಗಳಲ್ಲಿ ನಂಬಿಕೆ ಮತ್ತು ಸಾಧನೆ

ಪ್ರಾರ್ಥನೆ, ಉಪವಾಸ, ಗ್ರಂಥಪಠಣ, ಹಾಡು, ವಿಶ್ರಾಂತಿದಿನ: ಕ್ರೈಸ್ತ ಸಾಧನೆಯ ಪಟ್ಟಿ ಎಲ್ಲ ಪಂಥಗಳಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಯಾವುದಕ್ಕೆ ಎಷ್ಟು ತೂಕ, ಯಾರು ಎಲ್ಲಿ ಮಾಡಬೇಕು, ತಪ್ಪಿದರೆ ಏನು ಎಂಬುದು ಮನುಷ್ಯನಿಗೆ ರಕ್ಷಣೆ ಹೇಗೆ ದಕ್ಕುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಆಲಮಟ್ಟಿಯ ಆಚೀಚಿನ ಕೃಷ್ಣಾ–ಮಲಪ್ರಭಾ ಸೀಮೆಯಲ್ಲಿ 19ನೇ ಶತಮಾನದಲ್ಲಿ ನೆಲೆಗೊಂಡ ಬಾಸೆಲ್ ಮಿಶನ್ ಸಭೆಗಳ ಚರಿತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ಹೊರಗಿನ ಆಚಾರವನ್ನು ಅನುಮಾನದಿಂದ ಕಂಡ ಪಂಥವೇ ಇಲ್ಲಿ ಕಟ್ಟುನಿಟ್ಟಾದ ಹೊರಶಿಸ್ತನ್ನು ಬೆಳೆಸಿತು. ಅದರ ಕಾರಣ ಆ ನಂಬಿಕೆಯೊಳಗೇ ಇತ್ತು ಎಂಬುದು ಈ ಲೇಖನದ ವಾದ.

ನೆಲದ ಹಿನ್ನೆಲೆ

ಮಿಶನರಿಗಳು ಬಂದದ್ದು ಸಾಧನೆಯ ಪರಿಚಯವಿಲ್ಲದ ನಾಡಿಗಲ್ಲ. ಬಸವನ ಬಾಗೇವಾಡಿಯ ಸೀಮೆ ಇದು. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು, ನಡುವೆ ಪೂಜಾರಿಯಿಲ್ಲದೆ, ಗಂಡು ಹೆಣ್ಣೆನ್ನದೆ ದಿನವೂ ಪೂಜಿಸುವ ಪದ್ಧತಿ 12ನೇ ಶತಮಾನದ ಶರಣರಿಂದ ಬಂದದ್ದು. ದುಡಿಮೆಯೂ ಭಕ್ತಿಯೂ ಒಂದೇ ಎಂಬ ಮಾತು ಇಲ್ಲಿನ ನೇಕಾರನಿಗೂ ಒಕ್ಕಲಿಗನಿಗೂ ಹೊಸದಲ್ಲ. ಕೃಷ್ಣೆಯ ಕೆಳಹರಿವಿನ ಕೊಡೇಕಲ್ಲಿನ ಬಸವಣ್ಣನ ಹೆಸರಿನಲ್ಲಿ ಭವಿಷ್ಯ ನುಡಿಯುವ ಕಾಲಜ್ಞಾನದ ಪರಂಪರೆಯೂ ಬೆಳೆದಿತ್ತು. ಆ ಪರಂಪರೆಯ ಕಾಲಜ್ಞಾನಿಗಳು ತಂಡವಾಗಿ ಸಭೆಗೆ ಸೇರುವರೆಂಬ ನಿರೀಕ್ಷೆಯಲ್ಲಿ ಮಿಶನ್ 1841ರಲ್ಲಿ ಬೆಟಗೇರಿಯ ಬಳಿಯ ಮಲ್ಲಸಮುದ್ರದಲ್ಲಿ ಒಂದು ಬೇಸಾಯದ ವಸಾಹತು ತೆರೆಯಿತು. ನಿರೀಕ್ಷಿಸಿದ ಜನ ಬರಲಿಲ್ಲ.

ಬಾಸೆಲಿನಿಂದ ಗುಳೇದಗುಡ್ಡಕ್ಕೆ

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಹುಟ್ಟಿದ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಧಾರವಾಡ 1837, ಹುಬ್ಬಳ್ಳಿ 1839, ಬೆಟಗೇರಿ 1841, ಗುಳೇದಗುಡ್ಡ 1851, ಬಿಜಾಪುರ 1885: ಬಯಲುಸೀಮೆಯಲ್ಲಿ ಅದರ ಠಾಣೆಗಳು ತೆರೆದ ಕ್ರಮವಿದು. ಕಲಾದಗಿಯಲ್ಲಿದ್ದ ಜಿಲ್ಲಾ ಕಚೇರಿ ಬಿಜಾಪುರಕ್ಕೆ ಹೋದದ್ದೂ ಅದೇ 1885ರಲ್ಲಿ. ಆಲಮಟ್ಟಿಯ ದಕ್ಷಿಣಕ್ಕಿರುವ ಗುಳೇದಗುಡ್ಡ 1997ರವರೆಗೂ ಬಿಜಾಪುರ ಜಿಲ್ಲೆಯದೇ ಊರು.

ಈ ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗಿನ ಕುಶಲಕರ್ಮಿ ಮತ್ತು ರೈತ ಮನೆತನದವರು, ಪೈಟಿಸ್ಟ್ ಪಂಥದ ಮಕ್ಕಳು. ರಕ್ಷಣೆ ದೇವರ ಕೃಪೆಯಿಂದಲೇ, ನಂಬಿಕೆಯ ಮೂಲಕವೇ; ಸತ್ಕ್ರಿಯೆ ಅದರ ಫಲವೇ ಹೊರತು ಬೆಲೆಯಲ್ಲ ಎಂಬುದು ಅವರ ಮೂಲಮಾತು. ಅದಕ್ಕೆ ತಕ್ಕಂತೆ ಅವರ ಸಾಧನೆ ಒಳಮುಖವಾದದ್ದು: ಮನೆಗಳಲ್ಲಿ ಸೇರಿ ವೇದ (ಬೈಬಲ್) ಓದುವ ಸಣ್ಣ ಕೂಟ, ಏಕಾಂತ ಪ್ರಾರ್ಥನೆ, ಆತ್ಮಪರೀಕ್ಷೆ. ಬಾಸೆಲಿನ ಸೆಮಿನರಿ ಸೇರಬಯಸುವವನು ತನ್ನ ಮನಪರಿವರ್ತನೆಯ ಕಥೆಯನ್ನು ಬರೆದು ಕೊಡಬೇಕಿತ್ತು. ಸೇರಿದ ಮೇಲೆ ದಿನದ ಪ್ರತಿ ಗಳಿಗೆಗೂ ವೇಳಾಪಟ್ಟಿ.

ಭಾನುವಾರದ ಮಗ್ಗ

ತೊಡಕು ಶುರುವಾದದ್ದು ಇಲ್ಲಿಂದ. ನಂಬಿಕೆ ಹೃದಯದ ಮಾತಾದರೆ ಅದು ಇದೆಯೋ ಇಲ್ಲವೋ ಎಂದು ಸಭೆ ಅರಿಯುವುದು ಹೇಗೆ? ದೀಕ್ಷಾಸ್ನಾನ ಕೇಳಿ ಬಂದವನನ್ನು ಪರೀಕ್ಷಿಸುವಾಗ ಕಣ್ಣಿಗೆ ಬೀಳುತ್ತಿದ್ದದ್ದು ಅವನ ನಡತೆ: ಜಾತಿಗುರುತು ಬಿಟ್ಟನೇ, ಕುಡಿತ ಬಿಟ್ಟನೇ, ಭಾನುವಾರ ಕೆಲಸ ನಿಲ್ಲಿಸಿದನೇ. ತಪ್ಪಿದವರನ್ನು ಪರಿಶುದ್ಧ ಭೋಜನದಿಂದ ದೂರವಿಡುವ ಸಭಾಶಿಸ್ತೂ ಇತ್ತು.

ಖಣವೆಂಬ ರವಿಕೆ ಬಟ್ಟೆಯ ಊರಾದ ಗುಳೇದಗುಡ್ಡದಲ್ಲಿ ಈ ನಿಯಮದ ಭಾರ ಎಷ್ಟೆಂದು ತಿಳಿಯಲು ಕುಣಿಮಗ್ಗವನ್ನು ನೋಡಬೇಕು. ನೇಕಾರ ಕುಣಿಯೊಳಗೆ ಕಾಲಿಳಿಬಿಟ್ಟು ತುಳಿಯುತ್ತಾನೆ, ಹೆಂಗಸರು ಕಂಡಿಕೆ ಸುತ್ತುತ್ತಾರೆ, ಮಕ್ಕಳ ಕೈಗೂ ಕೆಲಸ. ಮಗ್ಗ ನಿಂತರೆ ಇಡೀ ಮನೆಯ ಗಳಿಕೆ ನಿಂತಂತೆ. ಜಾತಿಬಾಂಧವರಿಂದ ದೂರವಾಗಿ ನೂಲಿಗೂ ಸಾಲಕ್ಕೂ ಪರದಾಡುವ ಕುಟುಂಬಕ್ಕೆ ವಾರದ ಒಂದು ದಿನ ಸಣ್ಣ ಬೆಲೆಯಲ್ಲ. ಹಾಗಾಗಿಯೇ ಭಾನುವಾರದ ಮೌನ ಮಗ್ಗ ಕೇವಲ ವಿಶ್ರಾಂತಿಯಾಗಿ ಉಳಿಯಲಿಲ್ಲ. ಓಣಿಯೆಲ್ಲ ಕೇಳುವಂಥ ಸಾಕ್ಷಿಯಾಯಿತು. ಪುಣ್ಯಕ್ಕಾಗಿ ಏನನ್ನೂ ಮಾಡಬೇಡ ಎಂದ ಬೋಧನೆಯೇ, ನೀನು ಮಾಡುವುದೆಲ್ಲ ನಿನ್ನ ನಂಬಿಕೆಯ ಗುರುತು ಎಂದು ಹೇಳಿ ನಡತೆಯ ಬೆಲೆ ಏರಿಸಿತ್ತು.

ಹಾಡಿನಲ್ಲೂ ಇದೇ ಎಳೆದಾಟ ಕಾಣುತ್ತದೆ. ಸಭೆಯ ಆರಾಧನೆಯಲ್ಲಿ ಜರ್ಮನ್ ಧಾಟಿಯ ಕೀರ್ತನೆಗಳದೇ ಮೇಲುಗೈ. ಆದರೆ 1853ರಲ್ಲಿ ಬಂದ ಮಿಶನರಿ ಫರ್ಡಿನೆಂಡ್ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ಈ ನಾಡಿನ ಛಂದಸ್ಸಿಗೆ ಇಳಿಸಿದರು. ಒಳಗಿನ ಭಕ್ತಿ ಮುಖ್ಯವೆಂದ ಮೇಲೆ ಧಾಟಿ ಯಾವ ದೇಶದ್ದಾದರೇನು ಎಂಬ ಪ್ರಶ್ನೆ ಆ ಕೃತಿಯ ಹಿಂದಿದೆ.

ಮುದಗಲ್ಲು, ದೇಶನೂರು

ಇದಕ್ಕೆ ವ್ಯತಿರಿಕ್ತವಾದ ಹಾದಿ ಕಥೋಲಿಕರದು. ಕೃಷ್ಣೆಯ ದಕ್ಷಿಣಕ್ಕಿರುವ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ಕಥೋಲಿಕ ಸಮುದಾಯವಿದೆ. ಅಲ್ಲಿನ ಚರ್ಚು 1557ಕ್ಕೂ ಹಿಂದಿನದೆಂಬ ಪ್ರತೀತಿಯಿದೆ. ಕೃಪೆ ಸಂಸ್ಕಾರಗಳ ಮೂಲಕ, ನೀರು, ರೊಟ್ಟಿ, ಎಣ್ಣೆಗಳ ಮೂಲಕ ಹರಿಯುತ್ತದೆಂದು ನಂಬುವ ಈ ಪರಂಪರೆಗೆ ಹೊರರೂಪದ ಬಗ್ಗೆ ಸಂಕೋಚವಿಲ್ಲ. ಜಪಸರ, ಶಿಲುಬೆ ಹಾದಿ, ತಪಸ್ಸುಕಾಲದ ಉಪವಾಸ ಎಲ್ಲವೂ ದೇಹಕ್ಕೆ ಅಂಟಿದ ಸಾಧನೆಗಳು. ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಜೆಸ್ವಿತ್ ಪಾದ್ರಿ ಆರ್ಮಾಂಡೋ ಆಲ್ವಾರಿಸ್ ಕಾವಿಯುಟ್ಟು, ಸಸ್ಯಾಹಾರಿಯಾಗಿ, ಅನಿಮಾನಂದ ಸ್ವಾಮಿಯೆಂದು ಹೆಸರಾಗಿ, ಸ್ನಾನಿಕ ಅರುಳಪ್ಪನವರ (ಸ್ನಾನಿಕ ಯೋಹಾನನ) ಹೆಸರಿನಲ್ಲಿ ವಿರಕ್ತಮಠ ಕಟ್ಟಿದ್ದು ಈ ನಂಬಿಕೆಯ ಸಹಜ ಮುಂದುವರಿಕೆ. ಹೊರರೂಪದಲ್ಲಿ ಕೃಪೆ ನೆಲೆಸಬಲ್ಲದಾದರೆ ಲಿಂಗಾಯತ ಮಠದ ರೂಪದಲ್ಲೂ ನೆಲೆಸಬಲ್ಲದು.

ಎರಡು ಹಾದಿ

ಒಂದು ಪಂಥ ಹಳೆಯ ಗುರುತುಗಳನ್ನು ಕಳಚಿಸಿ ನಂಬಿಕೆಯನ್ನು ಕಾಣಿಸಿತು, ಇನ್ನೊಂದು ಅವನ್ನೇ ತೊಟ್ಟು ಕಾಣಿಸಿತು. ಮೊದಲನೆಯದರ ಗಟ್ಟಿತನ 1914ರ ಮಹಾಯುದ್ಧದಲ್ಲಿ ಒರೆಗೆ ಬಿತ್ತು. ಜರ್ಮನ್ ಮಿಶನರಿಗಳು ಸೆರೆಯಾಗಿ, ಗಡೀಪಾರಾದರು. ಸಭೆಗಳ ದಿನನಿತ್ಯದ ಹೊಣೆ ಬಹುಮಟ್ಟಿಗೆ ಇಲ್ಲಿನ ಸಭಾಪಾಲಕರ, ಉಪದೇಶಿಗಳ ಹೆಗಲಿಗೆ ಬಂತು. ಸಭೆಗಳು ಮುರಿಯಲಿಲ್ಲ. ಕುಟುಂಬ ಪ್ರಾರ್ಥನೆ, ವೇದಪಠಣ, ಭಾನುವಾರ ಇವೆಲ್ಲ ಪರದೇಶಿ ಪಾದ್ರಿಯಿಲ್ಲದೆಯೂ ನಡೆಯಬಲ್ಲ ಸಾಧನೆಗಳಾಗಿದ್ದವು. ನಡುವೆ ಪೂಜಾರಿಯಿಲ್ಲದ ಮನೆಪೂಜೆಯನ್ನು ಶತಮಾನಗಳಿಂದ ಕಂಡ ನಾಡಿನಲ್ಲಿ ಇಂಥ ಶಿಸ್ತು ಬೇರೂರಿದ್ದು ಅಚ್ಚರಿಯಲ್ಲ. ನಂಬಿಕೆ ಸಾಧನೆಗೆ ಆಕಾರ ಕೊಟ್ಟದ್ದು ನಿಜ. ಅದನ್ನು ಉಳಿಸಿಕೊಟ್ಟದ್ದು ಅದನ್ನು ಮನೆಯೊಳಗೆ ತಂದುಕೊಂಡ ಜನರ ರೂಢಿ.