ವರ್ಕ್‌ಶಾಪಿನ ಗಂಟೆ ಡಿಗ್ರಿಗೆ ಲೆಕ್ಕವೇ?

ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಬೆಳಗ್ಗೆ ಬಸ್ಸಿಗೆ ಕಾಯುವವರಲ್ಲಿ ಐಟಿಐ ಹುಡುಗರೂ ಇರುತ್ತಾರೆ, ಬಿ.ಎ. ಹುಡುಗರೂ. ಐಟಿಐ ಮುಗಿಸಿ ಡಿಗ್ರಿಗೆ ಹೋದರೆ ಆ ಎರಡು ವರ್ಷ ಯಾವ ಲೆಕ್ಕಕ್ಕೆ ಎಂದು ನಮ್ಮನ್ನು ಕೇಳುವುದುಂಟು. ಉತ್ತರಕ್ಕೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕಾಯಿತು.

ಐಟಿಐಗಳ ಕುಶಲಕರ್ಮಿ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಅದು ಕಾರ್ಮಿಕ ಸಚಿವಾಲಯದ ಕೂಸು, ಡಿಗ್ರಿ ವಿಶ್ವವಿದ್ಯಾಲಯದ್ದು. ಒಂದರ ಲೆಕ್ಕ ಇನ್ನೊಂದಕ್ಕೆ ಬೇಕಿರಲಿಲ್ಲ. ತಾಂತ್ರಿಕ ದಾರಿಗೆ ಮಾತ್ರ ಏಣಿ ಬಂತು: ಎರಡು ವರ್ಷದ ಐಟಿಐ ಆದವರಿಗೆ ಡಿಪ್ಲೊಮಾದ ಎರಡನೇ ವರ್ಷ, ಡಿಪ್ಲೊಮಾ ಆದವರಿಗೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷ. ಫಿಟ್ಟರ್ ಆದವನಿಗೆ ಇತಿಹಾಸ ಓದುವ ಆಸೆ ಬಂದರೆ (ಯಾಕೆ ಬರಬಾರದು?) ಮೊದಲ ಮೆಟ್ಟಿಲಿಂದಲೇ ಹತ್ತಬೇಕು.

2021ರಲ್ಲಿ ಯುಜಿಸಿಯ ಕ್ರೆಡಿಟ್ ಬ್ಯಾಂಕ್ ನಿಯಮ ಬಂತು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ತರಬೇತಿಯನ್ನೂ ಅದೇ ಅಳತೆಗೆ ತಂದಿತು: 30 ಗಂಟೆ ಕಲಿತು ಪರೀಕ್ಷೆ ಪಾಸಾದರೆ 1 ಕ್ರೆಡಿಟ್, ವರ್ಷದ 1,200 ಗಂಟೆಗೆ 40. ಕಾಗದದ ಮೇಲಂತೂ ವರ್ಕ್‌ಶಾಪಿಗೂ ಕ್ಲಾಸಿಗೂ ಒಂದೇ ತೂಕ. ಆದರೆ ಬ್ಯಾಂಕು ಜಮಾ ಇಟ್ಟುಕೊಳ್ಳುತ್ತದೆ, ಅಷ್ಟೆ. ಒಪ್ಪುವುದು ಬಿಡುವುದು ಡಿಗ್ರಿ ಕೊಡುವವರ ಕೈಯಲ್ಲಿದೆ. ಎಷ್ಟು ಕ್ರೆಡಿಟ್ ಒಪ್ಪುತ್ತೀರಿ ಎಂದು ಫೀಸು ಕಟ್ಟುವ ಮೊದಲೇ ಬರೆದು ಕೇಳಿ ಎಂದು ಕೇಳಿದವರಿಗೆ ಹೇಳುತ್ತಿದ್ದೇವೆ.