ಡಿಸಬಿಲಿಟಿ ಹಣ ಬರುತ್ತಿರುವಾಗ ಕಾಯಿಲೆ ಹೆಚ್ಚಾದರೆ: ಯಾರಿಗೆ, ಯಾವಾಗ, ಹೇಗೆ ತಿಳಿಸಬೇಕು?

ಹರ್ನ್‌ಡನ್, ವರ್ಜೀನಿಯಾ



ಯುಗಾದಿ, ದೀಪಾವಳಿ ಕೂಟಗಳಲ್ಲಿ ಸೇರಿದಾಗ ನಾವು ಗ್ರೀನ್ ಕಾರ್ಡ್, ಮನೆ ಸಾಲ, ಮಕ್ಕಳ ಕಾಲೇಜು ಹೀಗೆ ಎಲ್ಲದರ ಬಗ್ಗೆಯೂ ಮಾತಾಡುತ್ತೇವೆ. ಆದರೆ ಕಾಯಿಲೆಯಿಂದ ಕೆಲಸ ಬಿಡಬೇಕಾಗಿ ಬಂದವರು, ಡಿಸಬಿಲಿಟಿ ಹಣದಲ್ಲಿ ಸಂಸಾರ ತೂಗಿಸುತ್ತಿರುವವರು ಮಾತ್ರ ಆ ವಿಷಯ ಎತ್ತುವುದೇ ಇಲ್ಲ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಇದು ದಾನವಲ್ಲ; ಪ್ರತಿ ಸಂಬಳದಲ್ಲೂ ನಾವು ಕಟ್ಟಿದ ಸೋಶಿಯಲ್ ಸೆಕ್ಯುರಿಟಿ ತೆರಿಗೆಯಿಂದ ಬರುವ ವಿಮೆ.

ಇಂಥ ಕುಟುಂಬಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದೇ: "ಹಣ ಈಗಾಗಲೇ ಬರುತ್ತಿದೆ. ಈಗ ಕಾಯಿಲೆ ಇನ್ನೂ ಹೆಚ್ಚಾಗಿದೆ. ತಿಳಿಸಬೇಕೇ? ತಿಳಿಸಿದರೆ ಹಣ ಹೆಚ್ಚುತ್ತದೆಯೇ, ಅಥವಾ ಸುಮ್ಮನೆ ಇರುವುದಕ್ಕೂ ಸಂಚಕಾರವೇ?" ಉತ್ತರ ನಿಮಗೆ ಬರುತ್ತಿರುವುದು ಯಾವ ಹಣ ಎಂಬುದನ್ನು ಅವಲಂಬಿಸಿದೆ. ಒಂದೊಂದಾಗಿ ನೋಡೋಣ.

ಮೊದಲು ನಿಮ್ಮದು ಯಾವ ಹಣ ಎಂದು ತಿಳಿಯಿರಿ

ಸೋಶಿಯಲ್ ಸೆಕ್ಯುರಿಟಿ ಕಚೇರಿಯಿಂದ ಎರಡು ಬಗೆಯ ಡಿಸಬಿಲಿಟಿ ಹಣ ಬರುತ್ತದೆ. ಮೊದಲನೆಯದು ಎಸ್‌ಎಸ್‌ಡಿಐ. ಇದು ಕೆಲಸ ಮಾಡಿ ತೆರಿಗೆ ಕಟ್ಟಿದವರಿಗೆ. 1956ರ ಕಾನೂನಿನಿಂದ ಬಂದದ್ದು. 31 ವರ್ಷ ದಾಟಿದವರಿಗೆ ಸಾಮಾನ್ಯವಾಗಿ ಕಳೆದ ಹತ್ತು ವರ್ಷಗಳಲ್ಲಿ ಐದು ವರ್ಷಗಳ ದುಡಿಮೆ, ಅಂದರೆ 20 ಕ್ರೆಡಿಟ್ ಬೇಕು. ಎರಡನೆಯದು ಎಸ್‌ಎಸ್‌ಐ. ಇದು ಆದಾಯ ಮತ್ತು ಆಸ್ತಿ ತೀರಾ ಕಡಿಮೆ ಇರುವವರಿಗೆ. 1974ರ ಜನವರಿಯಲ್ಲಿ ಶುರುವಾಯಿತು. ಒಬ್ಬರಿಗೆ 2,000 ಡಾಲರ್, ದಂಪತಿಗಳಿಗೆ 3,000 ಡಾಲರ್ ಎಂಬ ಆಸ್ತಿ ಮಿತಿ 1989ರಿಂದ ಬದಲಾಗಿಲ್ಲ. 1996ರ ಕಾನೂನಿನ ನಂತರ ಅಮೆರಿಕದ ಪ್ರಜೆಗಳಲ್ಲದವರಿಗೆ ಎಸ್‌ಎಸ್‌ಐ ಸಿಗುವುದು ಬಹಳ ಕಷ್ಟ.

ಇವಲ್ಲದೆ ಕಂಪನಿಯ ಮೂಲಕ ಬರುವ ಖಾಸಗಿ ಲಾಂಗ್ ಟರ್ಮ್ ಡಿಸಬಿಲಿಟಿ ವಿಮೆ, ಕೆಲಸದಲ್ಲಿ ಪೆಟ್ಟಾದವರಿಗೆ ವರ್ಕರ್ಸ್ ಕಾಂಪನ್ಸೇಷನ್, ಸೈನ್ಯದಲ್ಲಿದ್ದವರಿಗೆ ವಿಎ ಪರಿಹಾರ ಇವೆ. ಇವುಗಳ ನಿಯಮಗಳೇ ಬೇರೆ.

ಎಸ್‌ಎಸ್‌ಡಿಐ: ಕಾಯಿಲೆ ಹೆಚ್ಚಾದರೆ ಹಣ ಹೆಚ್ಚಾಗದು

ಇದನ್ನು ಕೇಳಿ ಹಲವರಿಗೆ ಆಶ್ಚರ್ಯವಾಗುತ್ತದೆ. ಎಸ್‌ಎಸ್‌ಡಿಐನಲ್ಲಿ ಶೇಕಡಾ 40, ಶೇಕಡಾ 70 ಎಂಬ ಅಳತೆ ಇಲ್ಲ. ಡಿಸಬಿಲಿಟಿ ಇದೆ ಅಥವಾ ಇಲ್ಲ, ಎರಡೇ ಉತ್ತರ. ತಿಂಗಳ ಮೊತ್ತ ನಿಂತಿರುವುದು ನಿಮ್ಮ ಹಳೆಯ ಸಂಪಾದನೆಯ ಮೇಲೆ, ಕಾಯಿಲೆಯ ತೀವ್ರತೆಯ ಮೇಲಲ್ಲ. ಬೆಲೆ ಏರಿಕೆಗೆ ತಕ್ಕಂತೆ ಜನವರಿಯಲ್ಲಿ ಆಗುವ ಹೊಂದಾಣಿಕೆ ಎಲ್ಲರಿಗೂ ಒಂದೇ. ಎಸ್‌ಎಸ್‌ಐನಲ್ಲೂ ಕಾಯಿಲೆ ಹೆಚ್ಚಾಯಿತೆಂದು ಮೊತ್ತ ಹೆಚ್ಚುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಆದಾಯ ಮತ್ತು ಯಾರ ಮನೆಯಲ್ಲಿ ಹೇಗೆ ವಾಸವಾಗಿದ್ದೀರಿ ಎಂಬುದು.

ಆದ್ದರಿಂದ ಸಂಧಿವಾತ ಕೈಯಿಂದ ಮಂಡಿಗೂ ಇಳಿಯಿತೆಂದು ಫೋನ್ ಮಾಡಿದರೆ ಚೆಕ್ ದೊಡ್ಡದಾಗುವುದಿಲ್ಲ. ಆದರೆ "ಹಾಗಾದರೆ ಹೇಳಿ ಏನು ಪ್ರಯೋಜನ" ಎಂದು ಸುಮ್ಮನಾಗುವುದು ತಪ್ಪು. ಬರುತ್ತಿರುವ ಹಣ ಉಳಿಯುವುದು ಆ ಮಾಹಿತಿಯ ಮೇಲೆಯೇ.

ಮರುಪರಿಶೀಲನೆ ಎಲ್ಲರಿಗೂ ಬರುತ್ತದೆ

ಡಿಸಬಿಲಿಟಿ ಒಮ್ಮೆ ಮಂಜೂರಾದರೆ ಕೊನೆಯವರೆಗೂ ಎಂದಲ್ಲ. ಸುಧಾರಣೆ ನಿರೀಕ್ಷಿಸುವ ಕಾಯಿಲೆಗಳಿಗೆ 6ರಿಂದ 18 ತಿಂಗಳೊಳಗೆ, ಸುಧಾರಣೆ ಸಾಧ್ಯವಿರುವವಕ್ಕೆ ಸುಮಾರು 3 ವರ್ಷಕ್ಕೊಮ್ಮೆ, ನಿರೀಕ್ಷೆ ಇಲ್ಲದವಕ್ಕೆ 5ರಿಂದ 7 ವರ್ಷಕ್ಕೊಮ್ಮೆ ಮರುಪರಿಶೀಲನೆ ನಡೆಯುತ್ತದೆ. ಮೊದಲು ಬರುವುದು ಸಾಮಾನ್ಯವಾಗಿ ಎಸ್‌ಎಸ್‌ಎ-455 ಎಂಬ ಚಿಕ್ಕ ಫಾರ್ಮ್. ಆರೋಗ್ಯ ಮೊದಲಿಗಿಂತ ಉತ್ತಮವೇ, ಹಾಗೇ ಇದೆಯೇ, ಕೆಟ್ಟಿದೆಯೇ ಎಂದು ಅದರಲ್ಲಿ ನೇರವಾಗಿ ಕೇಳುತ್ತಾರೆ. ಕಾಯಿಲೆ ಹೆಚ್ಚಾಗಿದೆ ಎಂದು ಹೇಳಬೇಕಾದ ಸರಿಯಾದ ಜಾಗ ಇದು. ಪೂರ್ಣ ಪರಿಶೀಲನೆಗೆ ಆಯ್ಕೆಯಾದವರಿಗೆ ಎಸ್‌ಎಸ್‌ಎ-454 ಎಂಬ ದೊಡ್ಡ ಫಾರ್ಮ್ ಬರುತ್ತದೆ.

ವೈದ್ಯಕೀಯ ನಿರ್ಧಾರ ಮಾಡುವುದು ರಾಜ್ಯದ ಕಚೇರಿ. ವರ್ಜೀನಿಯಾ, ಜಾರ್ಜಿಯಾ, ಎರಡು ಕ್ಯಾರೊಲಿನಾಗಳು, ಎಲ್ಲ ಕಡೆಯೂ ಪ್ರತ್ಯೇಕ ಡಿಸಬಿಲಿಟಿ ನಿರ್ಣಯ ಕಚೇರಿಗಳಿವೆ. ನಿಮ್ಮನ್ನು ಅಲ್ಲಿ ಯಾರೂ ಕಂಡಿರುವುದಿಲ್ಲ. ಕಾಣುವುದು ನಿಮ್ಮ ಫೈಲು ಮಾತ್ರ.

ವರ್ಜೀನಿಯಾದ ಜಾರ್ಜ್ ಎಲ್‌ಡ್ರಿಜ್ ಪ್ರಕರಣ

ಫೈಲಿನ ಬೆಲೆ ಏನೆಂದು ತಿಳಿಯಲು ನಮ್ಮದೇ ರಾಜ್ಯದ ಒಂದು ಪ್ರಕರಣವಿದೆ. ಜಾರ್ಜ್ ಎಲ್‌ಡ್ರಿಜ್ ಅವರಿಗೆ ತೀವ್ರ ಆತಂಕದ ಕಾಯಿಲೆ ಮತ್ತು ಬೆನ್ನುನೋವಿನ ಕಾರಣದಿಂದ 1968ರ ಜೂನ್‌ನಲ್ಲಿ ಡಿಸಬಿಲಿಟಿ ಹಣ ಮಂಜೂರಾಯಿತು. 1972ರ ಮಾರ್ಚ್‌ನಲ್ಲಿ ರಾಜ್ಯದ ಕಚೇರಿ ಪ್ರಶ್ನಾವಳಿ ಕಳಿಸಿತು. ತಮ್ಮ ಸ್ಥಿತಿ ಸುಧಾರಿಸಿಲ್ಲ ಎಂದು ಅವರು ಬರೆದು, ವೈದ್ಯರ ಹೆಸರುಗಳನ್ನೂ ಕೊಟ್ಟರು. ಕಚೇರಿ ವೈದ್ಯರ ವರದಿಗಳನ್ನು ತರಿಸಿ ನೋಡಿ, ಮೇ ತಿಂಗಳಿಗೆ ಡಿಸಬಿಲಿಟಿ ಮುಗಿದಿದೆ ಎಂಬ ತಾತ್ಕಾಲಿಕ ತೀರ್ಮಾನಕ್ಕೆ ಬಂತು. ಹೆಚ್ಚಿನ ಮಾಹಿತಿ ಕೊಡಲು ಕಾಲಾವಕಾಶ ಕೇಳಬಹುದು ಎಂದೂ ಪತ್ರದಲ್ಲಿ ತಿಳಿಸಿತ್ತು. ಎಲ್‌ಡ್ರಿಜ್ ಮರುಪತ್ರ ಬರೆದರು: ತಮಗಿರುವುದು ಬೆನ್ನು ಉಳುಕಲ್ಲ, ಬೆನ್ನುಮೂಳೆಯ ಸಂಧಿವಾತ, ಬೇಕಾದ ಸಾಕ್ಷ್ಯ ನಿಮ್ಮ ಬಳಿಯೇ ಇದೆ ಎಂದರು. ಜುಲೈ ನಂತರ ಹಣ ನಿಂತಿತು.

ಮನೆ ಸಾಲಕ್ಕೆ ಹೋಯಿತು, ಪೀಠೋಪಕರಣಗಳನ್ನು ಸಾಲಗಾರರು ಹೊತ್ತೊಯ್ದರು, ಗಂಡ ಹೆಂಡತಿ ಮಕ್ಕಳು ಒಂದೇ ಹಾಸಿಗೆಯಲ್ಲಿ ಮಲಗಬೇಕಾಯಿತು ಎಂಬುದು ಸುಪ್ರೀಂ ಕೋರ್ಟಿನ ಭಿನ್ನಮತದ ತೀರ್ಪಿನಲ್ಲಿ ದಾಖಲಾಗಿದೆ. 1976ರ ಫೆಬ್ರವರಿ 24ರಂದು ಕೋರ್ಟು 6-2ರ ಬಹುಮತದಿಂದ, ಡಿಸಬಿಲಿಟಿ ಹಣ ನಿಲ್ಲಿಸುವ ಮುನ್ನ ಮುಖಾಮುಖಿ ವಿಚಾರಣೆ ಕೊಡಲೇಬೇಕೆಂದು ಸಂವಿಧಾನ ಹೇಳುವುದಿಲ್ಲ ಎಂದು ತೀರ್ಪಿತ್ತಿತು. ಕಾರಣ, ಇಲ್ಲಿ ನಿರ್ಧಾರ ನಡೆಯುವುದು ಮುಖ್ಯವಾಗಿ ವೈದ್ಯರ ಲಿಖಿತ ವರದಿಗಳ ಮೇಲೆ.

1980ರ ದಶಕದ ಆರಂಭದಲ್ಲಿ ಮರುಪರಿಶೀಲನೆ ಬಿಗಿಯಾಗಿ ಲಕ್ಷಾಂತರ ಜನರ ಹಣ ನಿಂತಾಗ ದೇಶದಲ್ಲಿ ದೊಡ್ಡ ಕೂಗೆದ್ದಿತು. 1984ರ ಕಾನೂನು ಒಂದು ರಕ್ಷಣೆ ಕೊಟ್ಟಿತು: ಹಿಂದಿನ ಮಂಜೂರಾತಿಗೆ ಹೋಲಿಸಿದರೆ ಆರೋಗ್ಯ ಸುಧಾರಿಸಿದೆ ಎಂದು ತೋರದೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹಣ ನಿಲ್ಲಿಸುವಂತಿಲ್ಲ. ಇನ್ನೊಂದು ಮುಖ್ಯ ವಿಷಯ: ಹಳೆಯ ಕಾಯಿಲೆ ಸ್ವಲ್ಪ ಸುಧಾರಿಸಿದ್ದರೂ, ನಂತರ ಬಂದ ಹೊಸ ಕಾಯಿಲೆಗಳನ್ನೂ ಸೇರಿಸಿ ಕೆಲಸ ಮಾಡಲು ಸಾಧ್ಯವೇ ಎಂದು ನೋಡಬೇಕು. ಆದ್ದರಿಂದ ಬೆನ್ನಿಗೆಂದು ಹಣ ಪಡೆಯುತ್ತಿರುವವರಿಗೆ ಈಗ ಹೃದಯದ ತೊಂದರೆ, ಖಿನ್ನತೆ ಅಥವಾ ಮಧುಮೇಹದಿಂದ ಕಣ್ಣಿನ ತೊಂದರೆ ಬಂದಿದ್ದರೆ ಎಲ್ಲವನ್ನೂ ಫಾರ್ಮಿನಲ್ಲಿ ಬರೆಯಿರಿ.

"ಚೆನ್ನಾಗಿದ್ದೀನಿ ಡಾಕ್ಟ್ರೇ"

ಇಲ್ಲಿ ನಮ್ಮವರು ಎಡವುವುದು ನಮ್ಮ ಸಂಸ್ಕೃತಿಯಿಂದಲೇ. ಯಾರು ಹೇಗಿದ್ದೀರಿ ಎಂದರೂ "ಚೆನ್ನಾಗಿದ್ದೀವಿ, ದೇವರು ನಡೆಸಿದ ಹಾಗೆ" ಎನ್ನುವುದು ನಮಗೆ ರೂಢಿ. ಡಾಕ್ಟರ ಕೋಣೆಯಲ್ಲೂ ಅದೇ ಮಾತು ಬಾಯಿಗೆ ಬರುತ್ತದೆ. ಡಾಕ್ಟರು ಅದನ್ನೇ ಟೈಪ್ ಮಾಡುತ್ತಾರೆ: ರೋಗಿ ಆರಾಮಾಗಿದ್ದಾರೆ. ಮೂರು ವರ್ಷದ ನಂತರ ರಾಜ್ಯದ ಕಚೇರಿ ಓದುವುದು ಆ ಸಾಲನ್ನು.

ಹರ್ನ್‌ಡನ್‌ನಲ್ಲಿ ನಮ್ಮ ಅರ್ಧ ಜನ ಸಾಫ್ಟ್‌ವೇರಿನವರೇ. "ಪ್ರೋಗ್ರಾಮ್ ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಬರೆದ ಬಗ್ ರಿಪೋರ್ಟನ್ನು ನಾವು ಹಿಂದಕ್ಕೆ ಕಳಿಸುತ್ತೇವೆ. ಯಾವಾಗ, ಎಷ್ಟು ಸಲ, ಏನು ಮಾಡಿದಾಗ ಎಂದು ಕೇಳುತ್ತೇವೆ. ಕಾಯಿಲೆಯ ವರದಿಯೂ ಹಾಗೆಯೇ ಇರಲಿ. "ನೋವು ಜಾಸ್ತಿ" ಎನ್ನುವ ಬದಲು "ಹೋದ ವರ್ಷ ಅರ್ಧ ಗಂಟೆ ಕೂರುತ್ತಿದ್ದೆ, ಈಗ ಹತ್ತು ನಿಮಿಷಕ್ಕೆ ಏಳಬೇಕು; ವಾರದಲ್ಲಿ ಮೂರು ದಿನ ಹಾಸಿಗೆಯಲ್ಲೇ; ಚಪಾತಿ ಲಟ್ಟಿಸಲು ಆಗುವುದಿಲ್ಲ, ಅಂಗಿಯ ಗುಂಡಿ ಮಗ ಹಾಕುತ್ತಾನೆ" ಎನ್ನಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಒಂದನ್ನೂ ಉತ್ಪ್ರೇಕ್ಷಿಸಬೇಡಿ, ಒಂದನ್ನೂ ಮುಚ್ಚಿಡಬೇಡಿ. ದಿನಾಂಕ ಹಾಕಿದ ಒಂದು ನೋಟ್‌ಬುಕ್ ಮನೆಯಲ್ಲಿರಲಿ. ಔಷಧ ಬದಲಾದದ್ದು, ಎಮರ್ಜೆನ್ಸಿಗೆ ಹೋದದ್ದು, ಔಷಧದ ಅಡ್ಡಪರಿಣಾಮ ಎಲ್ಲವೂ ಅದರಲ್ಲಿರಲಿ. ವರ್ಷಗಟ್ಟಲೆ ಡಾಕ್ಟರ ಬಳಿ ಹೋಗದೆ ಇದ್ದರೆ ಕಾಯಿಲೆ ವಾಸಿಯಾಗಿದೆ ಎಂದೇ ಫೈಲು ಹೇಳುತ್ತದೆ.

ಹಣ ನಿಲ್ಲಿಸುವ ಪತ್ರ ಬಂದರೆ

ಎರಡು ಗಡುವುಗಳನ್ನು ನೆನಪಿಡಿ. ಮರುಪರಿಶೀಲನೆಗೆ ಎಸ್‌ಎಸ್‌ಎ-789 ಫಾರ್ಮಿನಲ್ಲಿ ಮೇಲ್ಮನವಿ ಸಲ್ಲಿಸಲು 60 ದಿನ. ಆದರೆ ಮೇಲ್ಮನವಿ ನಡೆಯುವಾಗ ಹಣ ಬರುತ್ತಲೇ ಇರಬೇಕಾದರೆ 10 ದಿನದೊಳಗೆ ಕೇಳಬೇಕು. ಅಂಚೆಗೆಂದು ಎರಡಕ್ಕೂ 5 ದಿನ ಸೇರಿಸಿ ಲೆಕ್ಕ ಹಾಕುತ್ತಾರೆ. ಸೋತರೆ ಆ ಅವಧಿಯ ಹಣ ಮರಳಿಸಲು ಕೇಳಬಹುದು. ಪ್ರಾಮಾಣಿಕವಾಗಿ ಮೇಲ್ಮನವಿ ಮಾಡಿದವರು ಮನ್ನಾ ಕೋರಬಹುದು. ಎಲ್‌ಡ್ರಿಜ್‌ಗೆ ಇಲ್ಲದಿದ್ದ ಈ ಅವಕಾಶ ಕಾನೂನಿನಲ್ಲಿ ಸೇರಿದ್ದು 1983ರಲ್ಲಿ. ಎರಡು ತಿಂಗಳು ಊರಿಗೆ ಹೋಗುವವರು ಇಲ್ಲಿನ ಅಂಚೆ ತೆರೆದು ನೋಡಲು ಯಾರಿಗಾದರೂ ಹೇಳಿಹೋಗುವುದು ಒಳ್ಳೆಯದು.

ಕೆಲಸಕ್ಕೆ ಮರಳಿ ಮತ್ತೆ ಬಿಡಬೇಕಾದವರಿಗೆ

ಎಸ್‌ಎಸ್‌ಡಿಐ ಪಡೆಯುವವರು ಕೆಲಸ ಮಾಡಿ ನೋಡಲು 60 ತಿಂಗಳಲ್ಲಿ 9 ತಿಂಗಳ ಪ್ರಯೋಗಾವಧಿ ಇದೆ. 2025ರಲ್ಲಿ ತಿಂಗಳಿಗೆ 1,160 ಡಾಲರ್ ಮೀರಿದ ಸಂಪಾದನೆ ಒಂದು ಪ್ರಯೋಗ ತಿಂಗಳೆಂದು ಲೆಕ್ಕವಾಗುತ್ತಿತ್ತು. ಕೆಲಸ ಶುರು ಮಾಡಿದ ಕೂಡಲೇ ತಿಳಿಸಲೇಬೇಕು. ಕೆಲಸದಿಂದಾಗಿ ಹಣ ನಿಂತ ಮೇಲೆ ಅದೇ ಕಾಯಿಲೆ ಅಥವಾ ಅದಕ್ಕೆ ಸಂಬಂಧಿಸಿದ ಕಾಯಿಲೆ ಮತ್ತೆ ಕೆಡವಿದರೆ, 5 ವರ್ಷದೊಳಗೆ ಹೊಸ ಅರ್ಜಿ ಇಲ್ಲದೆ ಮರುಸ್ಥಾಪನೆ ಕೋರಬಹುದು. ತೀರ್ಮಾನ ಆಗುವವರೆಗೆ 6 ತಿಂಗಳವರೆಗೆ ತಾತ್ಕಾಲಿಕ ಹಣವೂ ಸಿಗಬಹುದು. ಇಲ್ಲಿ "ಕಾಯಿಲೆ ಹೆಚ್ಚಾಗಿದೆ" ಎಂದು ತಡಮಾಡದೆ ತಿಳಿಸುವುದರಿಂದ ನಿಜಕ್ಕೂ ಹಣ ಬರುತ್ತದೆ.

ಕಾಯಿಲೆ ಹೆಚ್ಚಾದರೆ ಹಣವೂ ಹೆಚ್ಚಬಹುದಾದ ಕಡೆಗಳು

ವರ್ಕರ್ಸ್ ಕಾಂಪನ್ಸೇಷನ್: ಪೆಟ್ಟಿನ ಸ್ಥಿತಿ ಕೆಟ್ಟರೆ ಪ್ರಕರಣ ಮತ್ತೆ ತೆರೆಸಬಹುದು, ಆದರೆ ಗಡುವು ರಾಜ್ಯಕ್ಕೊಂದು. ಪರಿಹಾರದ ಕೊನೆಯ ಪಾವತಿಯಿಂದ ಸಾಮಾನ್ಯವಾಗಿ ವರ್ಜೀನಿಯಾದಲ್ಲಿ 24 ತಿಂಗಳು, ಜಾರ್ಜಿಯಾ ಮತ್ತು ನಾರ್ತ್ ಕ್ಯಾರೊಲಿನಾದಲ್ಲಿ 2 ವರ್ಷ, ಸೌತ್ ಕ್ಯಾರೊಲಿನಾದಲ್ಲಿ 1 ವರ್ಷ, ಮೇರಿಲ್ಯಾಂಡಿನಲ್ಲಿ 5 ವರ್ಷ. ಷಾರ್ಲೆಟ್‌ನಲ್ಲಿ ವಾಸವಿದ್ದು ಗಡಿಯಾಚೆ ಸೌತ್ ಕ್ಯಾರೊಲಿನಾದಲ್ಲಿ ಕೆಲಸ ಮಾಡುವವರು ತಮಗೆ ಯಾವ ರಾಜ್ಯದ ಕಾನೂನು ಎಂದು ಮೊದಲೇ ಕೇಳಿ ತಿಳಿಯಬೇಕು. ಎಸ್‌ಎಸ್‌ಡಿಐ ಕೂಡ ಬರುತ್ತಿದ್ದರೆ ಎರಡೂ ಸೇರಿ ಹಳೆಯ ಸಂಪಾದನೆಯ ಶೇಕಡಾ 80 ದಾಟಿದಾಗ ಸಾಮಾನ್ಯವಾಗಿ ಎಸ್‌ಎಸ್‌ಡಿಐ ಕಡಿತವಾಗುತ್ತದೆ. ಆದ್ದರಿಂದ ಬದಲಾವಣೆಯನ್ನು ತಿಳಿಸಿ.

ವಿಎ: ಇಲ್ಲಿ 0ಯಿಂದ 100ರವರೆಗೆ ಹತ್ತರ ಲೆಕ್ಕದಲ್ಲಿ ಶೇಕಡಾವಾರು ಇದೆ. 21-526ಇಜೆಡ್ ಫಾರ್ಮಿನಲ್ಲಿ ಹೆಚ್ಚಳ ಕೇಳಬಹುದು. ಕೆಟ್ಟ ಒಂದು ವರ್ಷದೊಳಗೆ ಕೇಳಿದರೆ ಹಿಂದಿನ ದಿನಾಂಕದಿಂದಲೂ ಹೆಚ್ಚಳ ಸಿಗಬಹುದು.

ಖಾಸಗಿ ವಿಮೆ: ಹಲವು ಪಾಲಿಸಿಗಳಲ್ಲಿ ಮೊದಲ 24 ತಿಂಗಳು "ನಿಮ್ಮ ಕೆಲಸ" ಮಾಡಲಾಗದಿದ್ದರೆ ಸಾಕು, ನಂತರ "ಯಾವ ಕೆಲಸವೂ" ಆಗುವುದಿಲ್ಲ ಎಂದು ತೋರಿಸಬೇಕು. ಕಾಯಿಲೆ ಹೆಚ್ಚಾದ ದಾಖಲೆ ಇಪ್ಪತ್ತನೆಯ ತಿಂಗಳಲ್ಲೇ ಸಿದ್ಧವಿರಲಿ. ಕಂಪನಿಯ ಮೂಲಕ ಬಂದ ವಿಮೆಯಲ್ಲಿ ತಿರಸ್ಕಾರವಾದರೆ ಮೇಲ್ಮನವಿಗೆ ಕನಿಷ್ಠ 180 ದಿನ ಇರುತ್ತದೆ.

ಊರಿಗೆ ಹೊರಡುವ ಮುನ್ನ

ಎಸ್‌ಎಸ್‌ಐ ಪಡೆಯುವವರು 30 ದಿನ ಅಥವಾ ಅದಕ್ಕಿಂತ ಹೆಚ್ಚು ಅಮೆರಿಕದ ಹೊರಗಿದ್ದರೆ ಹಣ ನಿಲ್ಲುತ್ತದೆ. ಎಸ್‌ಎಸ್‌ಡಿಐನವರೂ 30 ದಿನಕ್ಕಿಂತ ಹೆಚ್ಚು ಹೋಗುವುದಾದರೆ ತಿಳಿಸಿ ಹೋಗಿ. ಪ್ರಜೆಗಳಲ್ಲದವರಿಗೆ ಆರು ತಿಂಗಳ ನಂತರ ಬೇರೆ ನಿಯಮಗಳಿವೆ. ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಚಿಕಿತ್ಸೆ ಪಡೆದರೆ ಡಿಸ್‌ಚಾರ್ಜ್ ಸಮರಿ, ಸ್ಕ್ಯಾನ್, ರಕ್ತ ಪರೀಕ್ಷೆಯ ವರದಿಗಳನ್ನು ಡಾಕ್ಟರ ಹೆಸರು, ದಿನಾಂಕ, ಸೀಲು ಸಮೇತ ತನ್ನಿ. ಬಂದ ಮೇಲೆ ಇಲ್ಲಿನ ಡಾಕ್ಟರಿಗೆ ತೋರಿಸಿ, ಅವರ ದಾಖಲೆಯಲ್ಲಿ ಸೇರಿಸಿ.

ಸಹಾಯ ಎಲ್ಲಿ ಸಿಗುತ್ತದೆ?

ಸೋಶಿಯಲ್ ಸೆಕ್ಯುರಿಟಿಯ ಉಚಿತ ಫೋನ್ 1-800-772-1213. ಇಂಗ್ಲಿಷಿನಲ್ಲಿ ಕಾಯಿಲೆ ವಿವರಿಸಲು ಕಷ್ಟಪಡುವ ತಂದೆತಾಯಂದಿರಿಗೆ ಉಚಿತ ದುಭಾಷಿ ಕೇಳುವ ಹಕ್ಕಿದೆ, ಮಕ್ಕಳೇ ಅನುವಾದಿಸಬೇಕೆಂದಿಲ್ಲ. ಫೋನ್ ಮಾಡಿದ ದಿನಾಂಕ, ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ಕೊಟ್ಟ ಪ್ರತಿ ಕಾಗದದ ನಕಲು ಇಟ್ಟುಕೊಂಡು ರಸೀದಿ ಕೇಳಿ. ಕಡಿಮೆ ಆದಾಯದವರಿಗೆ ಲೀಗಲ್ ಸರ್ವೀಸಸ್ ಆಫ್ ನಾರ್ದರ್ನ್ ವರ್ಜೀನಿಯಾ, ಅಟ್ಲಾಂಟಾ ಲೀಗಲ್ ಏಡ್ ಸೊಸೈಟಿ, ಲೀಗಲ್ ಏಡ್ ಆಫ್ ನಾರ್ತ್ ಕ್ಯಾರೊಲಿನಾ, ಸೌತ್ ಕ್ಯಾರೊಲಿನಾ ಲೀಗಲ್ ಸರ್ವೀಸಸ್ ಇವೆ. ಈ ಲೇಖನ ಮಾಹಿತಿಗಾಗಿ ಮಾತ್ರ. ನಿಮ್ಮ ಪ್ರಕರಣಕ್ಕೆ ವಕೀಲರ ಸಲಹೆ ಪಡೆಯಿರಿ.

ಕೊನೆಗೊಂದು ಮಾತು. ನಮ್ಮ ನಡುವೆ ಹೀಗೆ ಮನೆಯೊಳಗೇ ಉಳಿದ ಅಕ್ಕನೋ ಅಣ್ಣನೋ ಇದ್ದರೆ, ಮುಂದಿನ ಹಬ್ಬಕ್ಕೆ ಮುಂಚೆ ಒಂದು ಸಂಜೆ ಅವರ ಮನೆಗೆ ಹೋಗಿ ಬನ್ನಿ. ಬಂದ ಪತ್ರಗಳನ್ನು ಜೊತೆಗೆ ಕೂತು ತೆರೆಯಿರಿ. ಹತ್ತು ದಿನದ ಗಡುವು ತಪ್ಪದಂತೆ ನೋಡಿಕೊಳ್ಳಲು ಒಂದು ಸಂಜೆ ಸಾಕು. ಅವರು "ಚೆನ್ನಾಗಿದ್ದೀವಿ" ಎಂದರೆ, ಇನ್ನೊಮ್ಮೆ ಕೇಳಿ.