ರಕ್ತದಿಂದ ಮಿದುಳಿಗೆ: ಆಕ್ಸಿಟೋಸಿನ್ ಹಾರ್ಮೋನಿನ ದಾರಿ

ಹಾಲು ಕರೆಯುವ ಮುನ್ನ ಎಮ್ಮೆಗಳಿಗೆ ಆಕ್ಸಿಟೋಸಿನ್ ಚುಚ್ಚುವ ದುರಭ್ಯಾಸವನ್ನು ತಡೆಯಲು ಭಾರತ ಸರ್ಕಾರವು 2018ರ ಏಪ್ರಿಲ್‌ನಲ್ಲಿ ಅಧಿಸೂಚನೆಯೊಂದನ್ನು ಹೊರಡಿಸಿತು. ದೇಶದ ಬಳಕೆಗೆ ಈ ಔಷಧವನ್ನು ಖಾಸಗಿ ಕಂಪನಿಗಳು ತಯಾರಿಸಕೂಡದು. ಬೆಂಗಳೂರಿನ ಸರ್ಕಾರಿ ಸಂಸ್ಥೆಯಾದ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಒಂದೇ ಪೂರೈಸತಕ್ಕದ್ದೆಂದಾಯಿತು. ಹೆರಿಗೆಯ ನಂತರದ ರಕ್ತಸ್ರಾವಕ್ಕೂ ಇದೇ ಮದ್ದಾದುದರಿಂದ ಬಾಣಂತಿಯರಿಗೆ ಕೊರತೆಯಾದೀತೆಂಬ ಆಕ್ಷೇಪವೆದ್ದು, ಅದೇ ಡಿಸೆಂಬರ್ 14ರಂದು ದೆಹಲಿ ಉಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಸರ್ಕಾರವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ವ್ಯಾಜ್ಯವೆಲ್ಲ ಕೆಚ್ಚಲು, ಗರ್ಭಕೋಶಗಳನ್ನು ಕುರಿತದ್ದು. ರಕ್ತಕ್ಕೆ ಸೇರಿದ ಈ ಹಾರ್ಮೋನು ಮಿದುಳಿಗೂ ಮುಟ್ಟುವುದೇ ಎಂಬ ಬೇರೊಂದು ಪ್ರಶ್ನೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಇತರ ಅಂಗಗಳು ಬಣ್ಣ ಹಿಡಿದವು, ಮಿದುಳು ಹಿಡಿಯಲಿಲ್ಲ. ಮಿದುಳಿಗೆ ಬಣ್ಣವನ್ನು ಹೀರುವ ಗುಣವಿಲ್ಲವೆಂದು ಅವರು ಬಗೆದರು. 1913ರಲ್ಲಿ ಅವರ ಶಿಷ್ಯ ಗೋಲ್ಡ್‌ಮನ್ ಬಣ್ಣವನ್ನು ಮಿದುಳಿನ ಸುತ್ತಣ ದ್ರವಕ್ಕೇ ಹಾಕಿದರು. ಮಿದುಳು ಬಣ್ಣ ಹಿಡಿಯಿತು. ರಕ್ತಕ್ಕೂ ಮಿದುಳಿಗೂ ನಡುವೆ ತಡೆಯೊಂದಿದೆಯೆಂದು ಇದರಿಂದ ಸ್ಪಷ್ಟವಾಯಿತು. ಅತಿ ಸಣ್ಣ ರಕ್ತನಾಳಗಳ ಒಳಗೋಡೆಯ ಕೋಶಗಳು ಬಿಗಿಯಾಗಿ ಬೆಸೆದಿರುವುದೇ ಆ ತಡೆಯೆಂದು 1967ರಲ್ಲಿ ರೀಸ್ ಮತ್ತು ಕಾರ್ನೋವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದರು.

ಒಂಬತ್ತು ಅಮೈನೋ ಆಮ್ಲಗಳ ಸರಪಣಿಯಾದ ಆಕ್ಸಿಟೋಸಿನ್ ಒಂದು ಪೆಪ್ಟೈಡು. 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಇದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಇದು ಹುಟ್ಟುವುದು ಮಿದುಳಿನಲ್ಲಿಯೇ. ಪಿಟ್ಯುಟರಿ ಗ್ರಂಥಿಯ ಮೂಲಕ ರಕ್ತಕ್ಕಿಳಿಯುತ್ತದೆ. ಆದರೆ ಹೊರಬಂದದ್ದು ಹಿಂದಿರುಗುವುದು ಸುಲಭವಲ್ಲ. 1979ರಲ್ಲಿ ಪೆಡರ್‌ಸನ್ ಮತ್ತು ಪ್ರಾಂಜ್ ಇದನ್ನು ಮರಿ ಹಾಕದ ಹೆಣ್ಣಿಲಿಗಳ ಮಿದುಳಿನ ಕುಹರಕ್ಕೆ ನೇರವಾಗಿ ಸೇರಿಸಿದಾಗ, ಅವು ಪರರ ಮರಿಗಳಿಗೆ ತಾಯಂತೆ ನಡೆದುಕೊಂಡವು. 1987ರಲ್ಲಿ ಕೆಂಡ್ರಿಕ್ ಮತ್ತು ಸಂಗಡಿಗರು ಕುರಿಗಳಲ್ಲಿಯೂ ಇಂಥದನ್ನೇ ಕಂಡರು. ಚರ್ಮದಡಿ ಚುಚ್ಚಿದರೆ ಎಷ್ಟು ಒಳಹೋಗುವುದು? 1983ರಲ್ಲಿ ಹಾಲೆಂಡಿನ ಸಂಶೋಧಕರು ಇಲಿಗಳಲ್ಲಿ ಅಳೆದಾಗ, ಹತ್ತು ನಿಮಿಷಕ್ಕೆ ಸುಮಾರು ಶೇಕಡ 0.002ರಷ್ಟು ಮಾತ್ರ ದೊರೆಯಿತು.

ಈ ಅಲ್ಪಾಂಶವೂ ಸುಮ್ಮನೆ ಸೋರಿದುದಲ್ಲವೆಂಬ ಸೂಚನೆ 2019ರಲ್ಲಿ ಬಂದಿತು. ಜಪಾನಿನ ಕನಜಾವಾ ವಿಶ್ವವಿದ್ಯಾಲಯದ ಯಾಮಾಮೋಟೊ ಮತ್ತು ಸಂಗಡಿಗರು, ರಕ್ತನಾಳದ ಕೋಶಗಳಲ್ಲಿನ ರೇಜ್ ಎಂಬ ಪ್ರೋಟೀನು ಆಕ್ಸಿಟೋಸಿನ್ನನ್ನು ಹಿಡಿದು ಒಳಕ್ಕೆ ದಾಟಿಸುವುದೆಂದು ಸುಂಡಿಲಿಗಳಲ್ಲಿ ತೋರಿಸಿದರು. ಆ ಪ್ರೋಟೀನಿಲ್ಲದ ಸುಂಡಿಲಿಗಳಲ್ಲಿ ಚುಚ್ಚಿದ ಹಾರ್ಮೋನು ಮಿದುಳಿನೊಳಗೆ ಹೆಚ್ಚಲಿಲ್ಲ. ತಡೆಗೋಡೆಯಲ್ಲಿ ಕಾವಲುಳ್ಳ ಕಿರುಬಾಗಿಲೂ ಇದೆಯೆಂದಾಯಿತು.

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂತಹ ಊರುಗಳಲ್ಲಿ ಎಮ್ಮೆ ಸಾಕುವವರಿಗೂ ಈ ಭೇದವು ತಿಳಿದಿರಬೇಕಾದುದು. ಕರು ಸತ್ತ ಎಮ್ಮೆಗೆ ಚುಚ್ಚಿದ ಮದ್ದು ರಕ್ತದ ಮೂಲಕವೇ ಕೆಚ್ಚಲನ್ನು ಮುಟ್ಟಿ ಹಾಲಿಳಿಸುತ್ತದೆ. ಅದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಹಾಲು ಇಳಿದ ಮಾತ್ರಕ್ಕೆ ಅದು ಮತ್ತೊಂದು ಕರುವನ್ನು ತನ್ನದೆಂದು ನೆಕ್ಕೀತೆಂದು ನಂಬಲು ಈ ಚರಿತ್ರೆಯಲ್ಲಿ ಆಧಾರವಿಲ್ಲ.